ಹೋಗಿ ಬಾ, ಮೋಡ

ನಿಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ತೊಟ್ಟಿಲಿಗೆ ಬಾರದಿದ್ದ ಕಾಲದಲ್ಲಿ ಜೋಡಿಗಲ್ಲು ಎಂಬ ಒಂದು ರಾಜ್ಯವಿತ್ತು. ಮುಗಿಲು ಮುಟ್ಟುವ ಎರಡು ಬಂಡೆಗಳು, ಅವುಗಳ ನಡುವೆ ಒಂದೇ ಒಂದು ಹೆಬ್ಬಾಗಿಲು. ಒಳಗೆ ಬರುವುದಕ್ಕೂ ಅದೇ, ಹೊರಗೆ ಹೋಗುವುದಕ್ಕೂ ಅದೇ. ಆ ಬಾಗಿಲನ್ನು ಕಾಯುತ್ತಿದ್ದದ್ದು ಸೈನಿಕರಲ್ಲ, ನಾಯಿಗಳು.

ನಾಯಿ ಎಂದರೆ ನಿಮ್ಮ ಬೀದಿಯ ನಾಯಿ ಎಂದುಕೊಳ್ಳಬೇಡಿ. ಜೋಡಿಗಲ್ಲಿನ ನಾಯಿ ಎದ್ದು ನಿಂತರೆ ಹೋರಿಕರುವಿನ ಎತ್ತರ. ತಲೆ ಕೊಳಗದಷ್ಟು, ಪಾದ ರೊಟ್ಟಿಯಷ್ಟು. ಸಂತೋಷವಾಗಿ ಬಾಲ ಬೀಸಿತೆಂದರೆ ಸಾಲಾಗಿ ಇಟ್ಟ ಮಡಕೆಗಳು ಉರುಳಿ ಹೋಗುತ್ತಿದ್ದವು. ಹಾಗಾಗಿ ಆ ಊರಿನಲ್ಲಿ ಹೆಣ್ಣು ಕೊಡುವವರು ಹುಡುಗನ ಮನೆಗೆ ಬಂದರೆ ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಅಟ್ಟ ಎಷ್ಟು ಎತ್ತರವಿದೆ ಎಂದು ನೋಡುತ್ತಿದ್ದರು.

ಆ ನಾಯಿಗಳ ಬಗ್ಗೆ ಊರಿನ ಹಿರಿಯರು ಒಂದು ಮಾತು ಹೇಳುತ್ತಿದ್ದರು. ಬ್ರಹ್ಮ ನಾಯಿಗಳನ್ನು ಮಾಡುವಾಗ, "ದೊಡ್ಡ ಮೈ ಬೇಕೋ, ದೊಡ್ಡ ಆಯುಸ್ಸು ಬೇಕೋ?" ಎಂದು ಕೇಳಿದನಂತೆ. ಜಾಣ ನಾಯಿಗಳೆಲ್ಲ ಆಯುಸ್ಸು ಕೇಳಿದವು. ಜೋಡಿಗಲ್ಲಿನ ನಾಯಿ ಮಾತ್ರ, "ಮನುಷ್ಯರಿಗೆ ಒರಗಿ ನಿಂತರೆ ಒರಗಿದ್ದು ಅವರಿಗೆ ಗೊತ್ತಾಗಬೇಕು, ಅಷ್ಟು ಮೈ ಕೊಡು ಸಾಕು," ಎಂದಿತಂತೆ. ಅದಕ್ಕೇ ಅವು ಎಂಟೋ ಒಂಬತ್ತೋ ಮಳೆಗಾಲ ಕಂಡು ಹೊರಟುಬಿಡುತ್ತಿದ್ದವು. ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಆಯುಸ್ಸು. ಬ್ರಹ್ಮನ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಜೋಡಿಗಲ್ಲಿನ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಅತ್ತಿದ್ದರು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ನಾಯಿಗೆ "ಹೋಗು" ಎಂದು ಹೇಳಬಾರದು. ಹೊಲಕ್ಕೆ ಕಳಿಸುವುದಾದರೂ "ಹೋಗಿ ಬಾ", ಕಾವಲಿಗೆ ಕಳಿಸುವುದಾದರೂ "ಹೋಗಿ ಬಾ". ಅಡುಗೆ ಒಲೆಯ ಮುಂದೆ ಅಡ್ಡ ಮಲಗಿದ್ದನ್ನು ಎಬ್ಬಿಸುವುದಾದರೂ "ಅತ್ತ ಹೋಗಿ ಬಾರಪ್ಪ" ಎನ್ನಬೇಕು. ಏಕೆಂದರೆ ಜೋಡಿಗಲ್ಲಿನ ನಾಯಿ ಸಾಕಿದವರ ಮಾತನ್ನು ಮೀರುವುದಿಲ್ಲ. ಹೋಗು ಎಂದರೆ ಹೋಗಿಯೇ ಬಿಡುತ್ತದೆ. ಆಮೇಲೆ ಮೊದಲು "ಬಾ" ಎಂದು ಕರೆದವರು ಯಾರೋ, ಅವರದಾಗುತ್ತದೆ.

ಹೆಬ್ಬಾಗಿಲಿನ ಪಕ್ಕದ ಮನೆಯಲ್ಲಿ ದೇವೀರಿ ಎಂಬ ಹುಡುಗಿ ಇದ್ದಳು. ಕಂಬಳಿ ನೇಯುವುದು ಅವಳ ಕಸುಬು. ಹಿಂದೆ ಮುಂದೆ ಯಾರೂ ಇಲ್ಲ. ಬಾಗಿಲ ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ಮುದ್ದವ್ವ ಎಂಬ ಮುದುಕಿ ಒಂದು ದಿನ ಸೆರಗಿನಲ್ಲಿ ಬೂದಿಬಣ್ಣದ ಮರಿಯೊಂದನ್ನು ಕಟ್ಟಿಕೊಂಡು ಬಂದಳು.

"ತಕ್ಕೊಳ್ಳೆ ದೇವೀರಿ. ಒಂಟಿ ಮನೆ ಒಂಟಿ ಮನೆ ಅಂತಿದ್ಯಲ್ಲ, ಇನ್ನು ಕಾಲಿಡಾಕೂ ಜಾಗ ಇರಲ್ಲ ನೋಡು," ಎಂದಳು. "ಒಂದು ವರ್ಷ ಮೆಟ್ಲು ಹತ್ತಾಕೆ ಬಿಡಬ್ಯಾಡ. ಮೈ ಬೆಳೆದಂಗೆ ಮೂಳೆ ಬಲಿಯಲ್ಲ ಇವಕ್ಕೆ. ಬರೀ ನೆಲದ ಮ್ಯಾಲೆ ಮಲಗಿಸ್ಬ್ಯಾಡ, ಮೊಣಕೈ ಒಡೀತಾವೆ. ಓಡಿ ಬಂದ ಕೂಡ್ಲೆ ಉಣ್ಣಾಕಿಕ್ಕಬ್ಯಾಡ, ಉಂಡ ಕೂಡ್ಲೆ ಓಡಾಕೆ ಬಿಡಬ್ಯಾಡ."

"ಇನ್ನೇನಾರ ಐತಾ?"

"ಜೊಲ್ಲು ಒರೆಸ್ಕೊಳ್ಳಾಕೆ ಒಂದು ಬಟ್ಟೆ ಇಟ್ಕೋ."

ಮರಿಗೆ ಮೋಡ ಎಂದು ಹೆಸರಿಟ್ಟಳು ದೇವೀರಿ. ಬಂದಾಗ ಕುಂಬಳಕಾಯಿಯಷ್ಟಿದ್ದ ಮೋಡ ಎರಡು ಮಳೆಗಾಲ ಕಳೆಯುವುದರಲ್ಲಿ ಬಾಗಿಲು ತುಂಬುವಷ್ಟಾದ. ಅವನ ಅನ್ನದ ಬೋಗುಣಿಯನ್ನು ಎದೆಯೆತ್ತರದ ಕಲ್ಲಿನ ಮೇಲೆ ಇಡುತ್ತಿದ್ದಳು. ಮುದ್ದೆಯ ಮೊದಲ ತುತ್ತನ್ನು ಕೈಯಿಂದಲೇ ಕೊಡುತ್ತಿದ್ದಳು. ಬೇಸಿಗೆಯಲ್ಲಿ ಗೋಣಿತಾಟು ನೆನೆಸಿ ಮೈಮೇಲೆ ಹೊದಿಸುತ್ತಿದ್ದಳು. ಉಳಿದ ಉಣ್ಣೆಯನ್ನೆಲ್ಲ ಸೇರಿಸಿ ಅವನಿಗೆ ದಪ್ಪನೆಯ ಹಾಸಿಗೆ ಮಾಡಿದ್ದಳು, ತಾನು ಚಾಪೆಯ ಮೇಲೆ ಮಲಗುತ್ತಿದ್ದಳು. ಬೆಳಗಿನ ಹೊತ್ತಿಗೆ ನೋಡಿದರೆ ಮೋಡ ಚಾಪೆಯ ಮೇಲಿರುತ್ತಿದ್ದ, ದೇವೀರಿ ನೆಲದ ಮೇಲಿರುತ್ತಿದ್ದಳು, ಹಾಸಿಗೆ ಖಾಲಿ ಬಿದ್ದಿರುತ್ತಿತ್ತು.

ಮೋಡನದು ಒಂದು ಅಭ್ಯಾಸ. ದೇವೀರಿ ಎಲ್ಲಿ ನಿಂತರೂ ಬಂದು ಅವಳ ಎಡಗಡೆಗೆ ಮೈಯೆಲ್ಲ ಭಾರ ಹಾಕಿ ಒರಗುತ್ತಿದ್ದ. ಮೊದಮೊದಲು ಅವಳು ದೊಪ್ಪನೆ ಬೀಳುತ್ತಿದ್ದಳು. ಆಮೇಲೆ ಬಲಗಾಲನ್ನು ದೂರ ಊರಿ ನಿಲ್ಲುವುದನ್ನು ಕಲಿತಳು. ಹಾಗೆ ಇಬ್ಬರೂ ನಿಂತು ಸಂಜೆಯ ಹೊತ್ತು ಹೆಬ್ಬಾಗಿಲ ಕಡೆ ನೋಡುತ್ತಿದ್ದರು. ಅವಳಿಗೆ ಬೇರೆ ಯಾವ ಸುಖವೂ ಬೇಕಿರಲಿಲ್ಲ.

ಹೀಗಿರಲಾಗಿ, ಮೋಡ ಆರು ಮಳೆಗಾಲ ಕಂಡ ಮೇಲೆ, ಜೋಡಿಗಲ್ಲಿಗೆ ಹೊಸ ರಾಜನ ಪಟ್ಟಾಭಿಷೇಕ ಬಂತು. ಆ ರಾಜ್ಯದಲ್ಲಿ ರಾಜ ಚಿನ್ನದ ಸಿಂಹಾಸನದಲ್ಲಿ ಕೂರುವುದಿಲ್ಲ, ಕರಿಕಂಬಳಿಯ ಗದ್ದುಗೆಯ ಮೇಲೆ ಕೂರುತ್ತಾನೆ. ಆ ಕಂಬಳಿ ನೇಯುವ ಕೆಲಸ ದೇವೀರಿಗೆ ಬಂತು. ಹಗಲೆಲ್ಲ ನೇಯ್ದಳು. ಕಣ್ಣು ಉರಿದವು, ಬೆರಳು ಸುಲಿದವು. ಇನ್ನೇನು ಅಂಚು ಕಟ್ಟಿದರೆ ಮುಗಿಯಿತು ಎನ್ನುವ ದಿನ ಮೋಡ ಕೆರೆಯಿಂದ ಬಂದ. ಮೈತುಂಬ ಕೆಸರು, ಬಾಯಿತುಂಬ ಜೊಲ್ಲು. ದೇವೀರಿ ಕಾಣಿಸಿದ ಖುಷಿಗೆ ತಲೆ ಕೊಡವಿದ, ಬಾಲ ಬೀಸಿದ. ಮಗ್ಗದ ಗೂಟ ಕಿತ್ತು ಬಂತು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿದವು. ಆಮೇಲೆ, ತಾನು ಏನೋ ಒಳ್ಳೆಯದು ಮಾಡಿದೆ ಎನ್ನುವಂತೆ, ಆ ಕಂಬಳಿಯ ಮೇಲೆಯೇ ಮಲಗಿಕೊಂಡ.

"ಸಾಕಾಗೋಯ್ತು ನಿನ್ನ ಸಂಗ! ಹೋಗು!" ಎಂದು ಕಿರುಚಿದಳು ದೇವೀರಿ.

'ಬಾ' ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಸಿಟ್ಟು ಅದನ್ನು ಹಿಡಿದುಕೊಂಡಿತು. ಒಂದು ಉಸಿರು ತಡೆದು ಹೇಳಿದರಾಯಿತು, ಅವನಿಗೂ ಸ್ವಲ್ಪ ತಿಳಿಯಲಿ ಎಂದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಉಸಿರಿನಲ್ಲಿ ಬಂಡೆಗಳ ಆಚೆಯಿಂದ ಜೇನಿನಂಥ ಒಂದು ದನಿ ಕೇಳಿತು.

"ಬಾ."

ಮೋಡ ಎದ್ದ. ದೇವೀರಿಯ ಮುಖ ನೋಡಿದ. ಅವಳು "ಬಾ, ಬಾ, ಬಾರೋ!" ಎಂದು ಕೂಗುತ್ತಿದ್ದಂತೆಯೇ, ಬಾಲ ಕೆಳಗಿಳಿಸಿ ಹೆಬ್ಬಾಗಿಲು ದಾಟಿ ಹೋದ.

ಎದೆ ಬಡಿದುಕೊಂಡು ದೇವೀರಿ ಮುದ್ದವ್ವನ ಬಳಿಗೆ ಓಡಿದಳು. ಮುದುಕಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವ್ನು ಜಡೆಮಾಯ ಕಣೆ," ಎಂದಳು. "ಬಾರದ ಕಣಿವೇಲಿ ಇರೋ ಮಾಂತ್ರಿಕ. ಯಾರು ಯಾರ್‍ನ ಹೋಗು ಅಂತಾರೋ ಅಂತ ಕಿವಿ ನೆಟ್ಕೊಂಡು ಕೂತಿರ್‍ತಾನೆ. ಬಾ ಅಂತ ಕರೀತಾನೆ, ಹುಣ್ಣಿಮೆ ದಿನ ಕಲ್ಲು ಮಾಡಿ ಕ್ವಾಟೆ ಕಟ್ಕೊತಾನೆ. ಅವನ ಕ್ವಾಟೆಯ ಒಂದೊಂದು ಕಲ್ಲೂ ಯಾರೋ ಸಿಟ್ಟಲ್ಲಿ ಹೋಗು ಅಂದಿದ್ದು."

"ಹುಣ್ಣಿಮೆ ಹತ್ರ ಬಂತಲ್ಲ ಅವ್ವಾ!"

"ಅದಕ್ಕೇ ಅಳ್ತಾ ಕೂರಬ್ಯಾಡ. ಹೋಗಿ ಬಾ," ಎಂದಳು ಮುದ್ದವ್ವ. 'ಬಾ' ಎನ್ನುವುದನ್ನು ಒತ್ತಿ ಹೇಳಿದಳು.

ಕೆಟ್ಟುಹೋದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ರಾಗಿಹಿಟ್ಟನ್ನು ಗಂಟು ಕಟ್ಟಿಕೊಂಡು ದೇವೀರಿ ಹೊರಟಳು. ನಡೆದಳು, ನಡೆದಳು, ಮುಳ್ಳಿನ ಕಾಡು ದಾಟಿದಳು, ಉಪ್ಪಿನ ಬಯಲು ದಾಟಿದಳು. ನಿಂತಲ್ಲೆಲ್ಲ ಬಲಗಾಲು ತಾನೇ ದೂರ ಊರಿಕೊಳ್ಳುತ್ತಿತ್ತು. ಎಡಗಡೆ ಬರೀ ಗಾಳಿ.

ಬಾರದ ಕಣಿವೆಯ ಮೊದಲ ಬಾಗಿಲಲ್ಲಿ ಒಂದು ಯಾಳಿ ನಿಂತಿತ್ತು. ಸಿಂಹದ ಮೈ, ಆನೆಯ ಸೊಂಡಿಲು, ಬಾಯಲ್ಲಿ ಬೆಂಕಿ.

"ಹೋದವರು ಬರುವುದಿಲ್ಲ, ಬಂದವರು ಹೋಗುವುದಿಲ್ಲ! ಯಾರು ನೀನು?" ಎಂದು ಗರ್ಜಿಸಿತು.

"ನಾನು ಹೋಗೋಳಲ್ಲ, ಹೋಗಿ ಬರೋಳು," ಎಂದಳು ದೇವೀರಿ. ಅವಳ ಕಣ್ಣು ಅಭ್ಯಾಸಬಲದಿಂದ ಯಾಳಿಯ ಮುಂಗಾಲಿಗೆ ಹೋಯಿತು. "ಅಯ್ಯೋ, ಎಲ್ಲಿ ಮೊಣಕೈ ತೋರ್ಸು!"

ಯಾಳಿ ಬೆಪ್ಪಾಯಿತು. ಇಷ್ಟು ಕಾಲದಲ್ಲಿ ಅದಕ್ಕೆ ಕತ್ತಿ ತೋರಿಸಿದವರಿದ್ದರು, ಮೊಣಕೈ ತೋರಿಸು ಎಂದವರಿರಲಿಲ್ಲ. ಬರೀ ಬಂಡೆಯ ಮೇಲೆ ಮಲಗಿ ಮಲಗಿ ಅದರ ಮೊಣಕೈಗಳು ಒಡೆದು ರಕ್ತ ಜಿನುಗುತ್ತಿತ್ತು. ಆ ನೋವಿಗೆ ಅದು ಮಲಗುವುದನ್ನೇ ಬಿಟ್ಟಿತ್ತು. ನಿದ್ದೆ ಇಲ್ಲದ ಸಿಟ್ಟಿಗೆ ಬೆಂಕಿ ಕಾರುತ್ತಿತ್ತು. ದೇವೀರಿ ರಾಜನ ಗದ್ದುಗೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಬಂಡೆಯ ಮೇಲೆ ಹಾಸಿದಳು. ಯಾಳಿ ಅನುಮಾನದಿಂದ ಒಂದು ಕಾಲಿಟ್ಟಿತು, ಇನ್ನೊಂದು ಕಾಲಿಟ್ಟಿತು, ನಿಟ್ಟುಸಿರು ಬಿಟ್ಟು ಮಲಗಿತು. ಅವಳು ಅದರ ಸೊಂಡಿಲು ದಾಟಿ ಒಳಗೆ ಹೋಗುವಾಗ ಗೊರಕೆ ಹೊಡೆಯುತ್ತಿತ್ತು.

ಎರಡನೆಯ ಬಾಗಿಲಲ್ಲಿ ಮನೆಯೆತ್ತರದ ತೋಳ. ಅದು ಕೋಟೆಯ ಸುತ್ತ ಗಿರಗಿರನೆ ಓಡುತ್ತಲೇ ಇತ್ತು. ಬಾಗಿಲ ಬಳಿ ಒಂದು ಹಂಡೆ ತುಂಬ ಅಂಬಲಿ ಕುದಿಯುತ್ತಿತ್ತು.

"ಹೋದವರು ಬರುವುದಿಲ್ಲ, ಬಂದವರು ಹೋಗುವುದಿಲ್ಲ! ನನಗೆ ಉಣ್ಣಲು ಇಕ್ಕು. ಉಂಡು ಸುಖವಾದರೆ ಬಿಡುತ್ತೇನೆ, ಇಲ್ಲದಿದ್ದರೆ ನಿನ್ನನ್ನೇ ಉಣ್ಣುತ್ತೇನೆ," ಎಂದಿತು ತೋಳ.

"ನಾನು ಹೋಗೋಳಲ್ಲ, ಹೋಗಿ ಬರೋಳು," ಎಂದಳು ದೇವೀರಿ. "ಉಣ್ಣಾಕಿಕ್ತೀನಿ. ಮೊದ್ಲು ಕೂತ್ಕೋ."

"ಹಸಿವು!"

"ಕೂತ್ಕೋ ಅಂದ್ನಲ್ಲ. ನಾಲಗೆ ಒಳಗೋಗ್ಲಿ, ಉಸಿರು ಸಮ ಆಗ್ಲಿ."

ಹಿಂದೆ ಬಂದವರೆಲ್ಲ ಪ್ರಾಣಭಯಕ್ಕೆ ಬಿದ್ದು, ಓಡುತ್ತಿದ್ದ ತೋಳಕ್ಕೆ ಹಂಡೆಯನ್ನೇ ಒಡ್ಡಿದ್ದರು. ಗಬಗಬನೆ ತಿಂದು ಮತ್ತೆ ಓಡಿ, ಹೊಟ್ಟೆ ನಗಾರಿಯಂತೆ ಊದಿ, ನೋವಿನಿಂದ ಹುಚ್ಚೆದ್ದು ಅದು ಉಣ್ಣಿಕ್ಕಿದವರನ್ನೇ ನುಂಗುತ್ತಿತ್ತು. ದೇವೀರಿ ಹಾಗೆ ಮಾಡಲಿಲ್ಲ. ಹುಣ್ಣಿಮೆಯ ಚಂದ್ರ ಆಗಲೇ ಬೆಟ್ಟದ ಹಿಂದೆ ಹೊಳೆಯುತ್ತಿದ್ದ. ಆದರೂ ತಾಳಿದಳು. ಅಂಬಲಿ ಆರಿಸಿದಳು, ಕಲ್ಲು ಪೇರಿಸಿ ಬೋಗುಣಿಯನ್ನು ತೋಳದ ಎದೆಯೆತ್ತರಕ್ಕೆ ಇಟ್ಟಳು, ಮೊದಲ ತುತ್ತನ್ನು ಕೈಯಿಂದ ಕೊಟ್ಟಳು. ಸ್ವಲ್ಪ ಸ್ವಲ್ಪವಾಗಿ ಉಣ್ಣಿಸಿದಳು. ಉಂಡ ಮೇಲೆ ಅದು ಎದ್ದು ಓಡಹೊರಟರೆ ಕಿವಿಯ ಬುಡ ಕೆರೆಯುತ್ತ ಕೂರಿಸಿಕೊಂಡಳು. ತೋಳ ಒಂದು ದೊಡ್ಡ ತೇಗು ತೇಗಿತು. ಮರಗಳಲ್ಲಿದ್ದ ಹಕ್ಕಿಗಳೆಲ್ಲ ಹಾರಿಹೋದವು.

"ಹೊಟ್ಟೆ ನೋಯುತ್ತಿಲ್ಲ," ಎಂದಿತು ತೋಳ, ನಂಬಲಾಗದೆ. "ಒಳಗೆ ಹೋಗು ತಾಯಿ."

"ಹೋಗಿ ಬಾ ಅನ್ನು," ಎಂದಳು ದೇವೀರಿ.

"ಹೋಗಿ ಬಾ," ಎಂದಿತು ತೋಳ.

ಮೂರನೆಯ ಬಾಗಿಲು ತಾನಾಗಿಯೇ ತೆರೆಯಿತು. ಒಳಗೆ ವಿಶಾಲವಾದ ಅಂಗಳ. ಎತ್ತರದ ಕಟ್ಟೆಯ ಮೇಲೆ, ನೆಲಕ್ಕೆ ಬೀಳುವಷ್ಟು ಉದ್ದದ ಜಡೆ ಬಿಟ್ಟುಕೊಂಡು ಜಡೆಮಾಯ ಕೂತಿದ್ದ. ಅಂಗಳದ ತುಂಬ ಬೂದಿಬಣ್ಣದ ನಾಯಿಗಳು. ಎಲ್ಲವೂ ಮೋಡನೇ. ಅದೇ ಜೋಲುಕಿವಿ, ಮರಿಯಿದ್ದಾಗ ಆಗಿದ್ದ ಅದೇ ಹುಬ್ಬಿನ ಗಾಯದ ಗುರುತು, ಅದೇ ಕಂದು ಕಣ್ಣು.

"ಹೋದವರು ಬರುವುದಿಲ್ಲ, ಬಂದವರು ಹೋಗುವುದಿಲ್ಲ," ಎಂದ ಜಡೆಮಾಯ ಆ ಜೇನಿನ ದನಿಯಲ್ಲಿ. "ನಿನ್ನದನ್ನು ಗುರುತಿಸು. ಮುಟ್ಟುವಂತಿಲ್ಲ, ಹೆಸರು ಕೂಗುವಂತಿಲ್ಲ. ತಪ್ಪಿದರೆ ನೀನೂ ನನ್ನ ಕೋಟೆಗೆ ಒಂದು ಕಲ್ಲು."

ದೇವೀರಿ ಒಂದೊಂದನ್ನೂ ನೋಡಿದಳು. ನೋಡಿದಷ್ಟೂ ಗೊಂದಲವಾಯಿತು. ಸಾಕಿ ಬೆಳೆಸಿದವಳಿಗೆ ಗುರುತು ಸಿಗುತ್ತಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಕಣ್ಣು ತುಂಬಿದ ಮೇಲೆ ಎಲ್ಲ ನಾಯಿಗಳೂ ಕರಗಿ ಒಂದೇ ಬೂದಿ ಬಣ್ಣವಾದವು. ಅವಳು ನೋಡುವುದನ್ನು ಬಿಟ್ಟಳು. ನಾಯಿಗಳಿಗೆ ಬೆನ್ನು ಹಾಕಿ, ಸಂಜೆ ಹೊತ್ತು ಮನೆಯ ಮುಂದೆ ನಿಲ್ಲುತ್ತಿದ್ದಂತೆ, ಎಡಗಡೆ ಜಾಗ ಬಿಟ್ಟು ಸುಮ್ಮನೆ ನಿಂತಳು.

ನಾಯಿಗಳು ಒಂದೊಂದಾಗಿ ಬಂದು ಅವಳ ಎಡಗಡೆಗೆ ಒರಗಿದವು. ಒಂದು ಒರಗಿತು, ಗಾಳಿ ಸೋಕಿದಂತಾಯಿತು. ಇನ್ನೊಂದು ಒರಗಿತು, ಸೆರಗು ಹಾರಿದಂತಾಯಿತು. ಮಾಯೆ ರೂಪವನ್ನು ಕದಿಯಬಲ್ಲದು, ತೂಕ ಎಲ್ಲಿಂದ ತಂದೀತು? ಮತ್ತೊಂದು ಬಂತು, ಒರಗಿತು, ಬಲಗಾಲು ಊರಿದ್ದರೂ ದೇವೀರಿ ದೊಪ್ಪನೆ ಬಿದ್ದಳು.

"ಇವ್ನೇ!" ಎಂದಳು ಬಿದ್ದಲ್ಲಿಂದಲೇ, ನಗುತ್ತ, ಅಳುತ್ತ. ಉಳಿದ ನಾಯಿಗಳೆಲ್ಲ ಹೊಗೆಯಾಗಿ ಹೋದವು.

ಜಡೆಮಾಯ ಸಿಟ್ಟಾಗಲಿಲ್ಲ. ಮೆಲ್ಲಗೆ ಕಟ್ಟೆಯಿಂದ ಇಳಿದು ಬಂದ. "ಗೆದ್ದೆ. ಕರೆದುಕೊಂಡು ಹೋಗು. ಆದರೆ ಒಂದು ಮಾತು ಕೇಳು. ನಿಮ್ಮ ಊರಿನಲ್ಲಿ ಇವನು ಇನ್ನೆಷ್ಟು ಮಳೆಗಾಲ ಬದುಕುತ್ತಾನೆ? ಎರಡೋ, ಮೂರೋ? ನನ್ನ ಕಲ್ಲಿಗೆ ಮುಪ್ಪಿಲ್ಲ, ಸಾವಿಲ್ಲ. ಇಲ್ಲಿ ಬಿಡು. ಬೇಕೆಂದಾಗ ಬಂದು ನೋಡು. ಯಾವತ್ತೂ ಹೀಗೆಯೇ ಇರುತ್ತಾನೆ."

ಕೇಳಬಾರದಿತ್ತು ಅವಳು, ಕೇಳಿಬಿಟ್ಟಳು. ಯಾವತ್ತೂ ಹೀಗೆಯೇ. ಮೋಡ ಬಂದ ದಿನದಿಂದ ಅವಳು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದದ್ದು ಇದನ್ನೇ ಅಲ್ಲವೇ? ದೇವೀರಿ ಮೋಡನ ಮುಖವನ್ನು ಕೈಯಲ್ಲಿ ಹಿಡಿದುಕೊಂಡಳು. ಅವನ ತುಟಿಗಳು ಒಣಗಿದ್ದವು. ಆಗಲೇ ಅರ್ಧ ಕಲ್ಲಾಗಿದ್ದ ಮೋಡನಿಗೆ ಒಂದು ಹನಿ ಜೊಲ್ಲೂ ಇರಲಿಲ್ಲ. ಅವನಿಗೆ ಹಸಿವೂ ಮರೆತುಹೋಗಿತ್ತು. ಅವಳು ಗಂಟು ಬಿಚ್ಚಿ ರಾಗಿಹಿಟ್ಟನ್ನು ಕಣ್ಣೀರು ಬಿದ್ದ ಅಂಗೈಯಲ್ಲೇ ಕಲಸಿದಳು, ಸಣ್ಣ ಉಂಡೆ ಮಾಡಿ ಅವನ ಬಾಯಿಯ ಮುಂದೆ ಹಿಡಿದಳು.

"ತಪ್ಪಾಯ್ತು ಕಣೋ," ಎಂದಳು. "ಎಷ್ಟು ದಿನ ಇರ್‍ತೀಯೋ ಅಷ್ಟು ದಿನ ಇರು. ಮಗ್ಗ ಮುರೀ, ಮಡಕೆ ಒಡೀ, ಕಂಬಳಿ ಮ್ಯಾಲೆ ಮಲಕ್ಕೋ. ಮನೆಗೆ ಬಾ."

ಮೋಡ ಮೂಸಿದ. ಕಿವಿ ಅಲುಗಿತು. ಅವನ ತುಟಿಯ ಮೂಲೆಯಿಂದ ಒಂದು ಎಳೆ ಜೊಲ್ಲು ನಿಧಾನವಾಗಿ ಇಳಿದು ದೇವೀರಿಯ ಮಣಿಕಟ್ಟಿನ ಮೇಲೆ ಬಿತ್ತು. ಅಷ್ಟು ಬೆಚ್ಚಗಿತ್ತು ಅದು. ಅವನು ಉಂಡೆಯನ್ನು ನುಂಗಿ, ಅವಳ ಕೈಯನ್ನೂ, ಮುಖವನ್ನೂ, ತಲೆಯನ್ನೂ ನೆಕ್ಕಿದ.

ದೇವೀರಿ ಎದ್ದು ಕೋಟೆಯ ಗೋಡೆಗಳನ್ನು ನೋಡಿದಳು. "ನಿಮ್ಮನೆಯವ್ರೂ ನನ್ನಂಗೇ ಅಳ್ತಿರ್‍ತಾರೆ," ಎಂದು ಕೂಗಿದಳು. "ಅವರ ಪರವಾಗಿ ನಾನೇ ಕರೀತೀನಿ. ಎಲ್ಲಾರೂ ಬನ್ನಿ!"

ಕೋಟೆ ಗಡಗಡ ನಡುಗಿತು. ಒಂದೊಂದು ಕಲ್ಲೂ ಮೈ ಮುರಿದು, ಆಕಳಿಸಿ, ಎದ್ದು ನಿಂತಿತು. ನಾಯಿಗಳು, ಕರುಗಳು, ಜಗಳ ಮಾಡಿಕೊಂಡು ಮನೆ ಬಿಟ್ಟ ತಮ್ಮಂದಿರು, ಒಬ್ಬ ಬೀಗರೂ ಇದ್ದರು. ಗೋಡೆ ಹೋದ ಮೇಲೆ ಜಡೆಮಾಯನ ಜಡೆಯೂ ಉದುರಿತು. ಉಳಿದವನು ನಡುಗುವ ಒಬ್ಬ ಮುದುಕ. ಬಹಳ ಹಿಂದೆ ಅವನಿಗೂ ಯಾರೋ ಹೋಗು ಎಂದಿದ್ದರು, ಮರಳಿ ಕರೆಯುವವರು ಯಾರೂ ಬಂದಿರಲಿಲ್ಲ. ದೇವೀರಿಗೆ ಅವನ ಮೇಲೆ ಕೆಂಡದಂಥ ಕೋಪವಿತ್ತು. "ಹೋ" ಎನ್ನುವಷ್ಟು ಬಾಯಿಗೆ ಬಂತು. ನಾಲಗೆ ಕಚ್ಚಿಕೊಂಡಳು.

"ನಡೀ, ಬಾ," ಎಂದಳು. "ಇಷ್ಟು ನಾಯಿಗೋಳ್ನ ಕರ್‍ಕೊಂಡು ಹೋಗ್ತಿದೀವಿ. ಜೊಲ್ಲು ಒರೆಸಾಕೆ ಆಳು ಬೇಕು."

ಅಂದಿನಿಂದ ಜೋಡಿಗಲ್ಲಿನ ಹೆಬ್ಬಾಗಿಲಲ್ಲಿ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಅವನು ಅದೇ ಕೆಲಸ ಮಾಡಿದ, ಸುಖವಾಗಿಯೂ ಇದ್ದ. ಯಾಳಿ, ತೋಳ ಎರಡೂ ಕಾವಲಿಗೆ ಸೇರಿಕೊಂಡವು. ಪಟ್ಟಕ್ಕೆ ಬಂದ ಕಂಬಳಿಯಲ್ಲಿ ತೇಪೆ ಇತ್ತು, ಕೆಸರಿನ ಕಲೆ ಇತ್ತು, ಯಾಳಿಯ ಕೂದಲಿತ್ತು. ರಾಜ ಮೂಸಿ ನೋಡಿ, "ನಾಯಿ ಮಲಗದ ಕಂಬಳಿ ಬೆಚ್ಚಗಿರುವುದಿಲ್ಲ," ಎಂದು ಅದರ ಮೇಲೆಯೇ ಕೂತ.

ಮೋಡ ಇನ್ನೂ ಮೂರು ಮಳೆಗಾಲ ಕಂಡ. ಅವನ ಮೂತಿ ಬೆಳ್ಳಗಾಯಿತು. ಹಿಂಗಾಲು ಸೋತಾಗ ದೇವೀರಿ ಮೆತ್ತನೆಯ ಪಟ್ಟಿ ನೇಯ್ದು, ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿ ಹಿಡಿದು ನಡೆಸಿದಳು. ಒರಗುವುದಕ್ಕೆ ಅವನಿಂದ ಆಗದಾದಾಗ ಅವಳೇ ಹೋಗಿ ಅವನಿಗೆ ಒರಗಿ ಕೂತಳು. ಒಂದು ಬೆಳಿಗ್ಗೆ, ಎಳೆಬಿಸಿಲು ಹೆಬ್ಬಾಗಿಲಿಗೆ ಬಿದ್ದಿದ್ದಾಗ, ಮೋಡ ತಲೆಯನ್ನು ಅವಳ ಮಡಿಲಲ್ಲಿಟ್ಟು ಮುಖ ನೋಡಿದ. ಸಾಕಿದವರು ಹೇಳದೆ ಜೋಡಿಗಲ್ಲಿನ ನಾಯಿ ಎಲ್ಲಿಗೂ ಹೋಗುವುದಿಲ್ಲ.

ಈ ಸಲ ದೇವೀರಿ ಒಂದು ಉಸಿರನ್ನೂ ತಡೆಯಲಿಲ್ಲ.

"ಹೋಗಿ ಬಾ," ಎಂದಳು.

ಮುಂದಿನ ಚಳಿಗಾಲದಲ್ಲಿ ಮುದ್ದವ್ವ ಸೆರಗಿನಲ್ಲಿ ಇನ್ನೊಂದು ಮರಿ ಕಟ್ಟಿಕೊಂಡು ಬಂದಳು. ಅದೂ ಬೂದಿಬಣ್ಣದ್ದೇ. ದೇವೀರಿ ಅದಕ್ಕೆ ದಪ್ಪ ಹಾಸಿಗೆ ಹಾಸಿದಳು, ಮೆಟ್ಟಿಲಿಗೆ ಅಡ್ಡ ಹಲಗೆ ಇಟ್ಟಳು, ಮಡಕೆಗಳನ್ನೆಲ್ಲ ಅಟ್ಟಕ್ಕೇರಿಸಿದಳು. ಅದನ್ನು ಎದೆಗವಚಿಕೊಂಡು ಮನಸಾರೆ ಮುದ್ದಾಡಿದಳು.

"ಹೆಸ್ರೇನಿಡ್ತೀಯೆ? ಮೋಡ ಅಂತಾನೆ ಇಡು," ಎಂದಳು ಮುದ್ದವ್ವ.

"ಇಲ್ಲವ್ವಾ, ಇವ್ನು ಮಂಜ," ಎಂದಳು ದೇವೀರಿ. ಮರಿ ಅವಳ ಬಲಗಡೆ ಬಂದು ನಿಂತಿತ್ತು. ಅವಳು ಹೆಬ್ಬಾಗಿಲ ಕಡೆ ನೋಡುತ್ತ, ಎಡಗಡೆ ಜಾಗ ಬಿಟ್ಟು ನಿಂತಿದ್ದಳು. "ಆ ಹೆಸ್ರು ಹಂಗೇ ಇರ್‍ಲಿ. ಅವ್ನಿಗೆ ಬಾ ಅಂದಿದ್ದೀನಿ. ಬಂದಾಗ ಬೇಕಾಗ್ತದೆ."